ಕುಸುಬೆ ಎಣ್ಣೆಯ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹ ಓದಿದೆ. ಕುಸುಬೆ, ಸೂರ್ಯಕಾಂತಿ ಎಣ್ಣೆ ತಿಂದರೆ ಮೈಯಲ್ಲಿ ಉರಿಯೂತ ಜಾಸ್ತಿಯಾಗಿ ಕೀಲು ನೋವು ಬರುತ್ತದೆ ಎಂದಿತ್ತು. ಈ ಮಾತು ವಾಟ್ಸ್‌ಆ್ಯಪ್‌ನಲ್ಲಿ ತಿರುಗುವಾಗ ಸುಮ್ನಿದ್ದೆ. ಪೇಪರಿನಲ್ಲೂ ಬಂದ ಮೇಲೆ ಬರೆಯಲೇಬೇಕಾಯಿತು.

ರೋಣದಲ್ಲಿರುವ ನಮ್ಮ ಅಕ್ಕನಿಗೆ 68 ವರ್ಷ, ಮೊಣಕಾಲು ನೋವು. ಹೋದ ದೀಪಾವಳಿಯಲ್ಲಿ ಮೊಮ್ಮಗ ಇಂಥದ್ದೇ ಒಂದು ವಿಡಿಯೊ ತೋರಿಸಿದ. ಅಕ್ಕ, ಗಾಣದಿಂದ ತಂದಿದ್ದ ಐದು ಲೀಟರ್ ಕುಸುಬೆ ಎಣ್ಣೆಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು. ಅವರಿಗೆ ಉರಿಯೂತ ಬಂದರೆ ಅಡ್ಡಿಯಿಲ್ಲವೇ ಅಂತ ಕೇಳಿದೆ, ಮುಖ ತಿರುಗಿಸಿದಳು. ಒಗ್ಗರಣೆಗೆ ತುಪ್ಪ, ಪಲ್ಯಕ್ಕೆ ಕೊಬ್ಬರಿ ಎಣ್ಣೆ ಶುರುವಾಯಿತು. ನಾಲ್ಕು ತಿಂಗಳಾದರೂ ನೋವು ಹಾಗೇ ಇತ್ತು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಮಾತ್ರ 118ರಿಂದ 157ಕ್ಕೆ ಏರಿತ್ತು. ಒಬ್ಬಳ ರಿಪೋರ್ಟಿನಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ ತುಪ್ಪ, ಕೊಬ್ಬರಿ ಎಣ್ಣೆಯ ಜಾಗದಲ್ಲಿ ಇಂಥ ಎಣ್ಣೆ ಬಳಸಿದರೆ ಎಲ್‌ಡಿಎಲ್ ಇಳಿಯುತ್ತದೆ ಎಂದು ಎಷ್ಟೋ ಪ್ರಯೋಗಗಳಲ್ಲಿ ಕಂಡಿದೆ. ಅಕ್ಕ ಅದನ್ನೇ ಉಲ್ಟಾ ಮಾಡಿದ್ದಳು.

ನಾನು ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಹೇಳಿಕೊಟ್ಟವಳು. ನಿಮ್ಮ ಬರಹಗಾರರು ಎಲ್ಲಿ ಎಡವಿದರು ಅಂತ ಊಹಿಸಬಲ್ಲೆ. ಕುಸುಬೆ ಎಣ್ಣೆಯಲ್ಲಿ ನೂರಕ್ಕೆ 70 ಪಾಲಿನಷ್ಟು ಲಿನೋಲಿಕ್ ಆಮ್ಲವಿದೆ. ಒಮೆಗಾ-6 ಎನ್ನುತ್ತಾರಲ್ಲ, ಅದೇ ಗುಂಪಿನ ಕೊಬ್ಬು. ನಮ್ಮ ಮೈ ಅದರಿಂದ ಅರಾಕಿಡೋನಿಕ್ ಆಮ್ಲ ಮಾಡುತ್ತದೆ, ಅದರಿಂದ ಊತ-ನೋವು ತರುವ ಪ್ರೊಸ್ಟಗ್ಲಾಂಡಿನ್ ಹುಟ್ಟುತ್ತದೆ. ಆಸ್ಪಿರಿನ್ ಮಾತ್ರೆ ತಡೆಯುವುದು ಈ ಕೊನೆಯ ಹೆಜ್ಜೆಯನ್ನೇ. ಅದನ್ನು ಕಂಡುಕೊಂಡ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಎಣ್ಣೆ ಜಾಸ್ತಿ ತಿಂದರೆ ಅರಾಕಿಡೋನಿಕ್ ಆಮ್ಲವೂ ಅಷ್ಟೇ ಜಾಸ್ತಿಯಾಗುವುದಿಲ್ಲ. ಮೈ ಅಲ್ಲಿ ಲಗಾಮು ಹಿಡಿದಿರುತ್ತದೆ. ಅದೂ ಅಲ್ಲದೆ, ಊತ ಇಳಿಸುವ ಲಿಪಾಕ್ಸಿನ್‌ಗಳೂ ಇದೇ ಆಮ್ಲದಿಂದ ಹುಟ್ಟುತ್ತವೆ. ಆರೋಗ್ಯವಂತರ ಮೇಲೆ ನಡೆದ 15 ಪ್ರಯೋಗಗಳನ್ನು 2012ರಲ್ಲಿ ಅಮೆರಿಕದ ಸಂಶೋಧಕರಿಬ್ಬರು ಒಟ್ಟಿಗೆ ಇಟ್ಟು ನೋಡಿದರು. ಲಿನೋಲಿಕ್ ಆಮ್ಲ ತಿಂದದ್ದಕ್ಕೆ ರಕ್ತದಲ್ಲಿ ಉರಿಯೂತದ ಗುರುತು ಏರಿದ್ದಕ್ಕೆ ಪುರಾವೆ ಸಿಗಲಿಲ್ಲ.

ಹಾಗಂತ ಕುಸುಬೆ ಎಣ್ಣೆಯಲ್ಲಿ ಪೂರಿ ಕರಿಯಿರಿ ಅನ್ನುತ್ತಿಲ್ಲ. ಈ ಎಣ್ಣೆ ಮತ್ತೆ ಮತ್ತೆ ಕಾಯಿಸುವುದನ್ನು ತಾಳುವುದಿಲ್ಲ, ಬೇಗ ಕೆಡುತ್ತದೆ. ಬರೆಯುವುದಾದರೆ ಅದರ ಬಗ್ಗೆ ಬರೆಯಿರಿ. ನಮ್ಮ ಗದಗಿನಲ್ಲಿ ಸಂಜೆ ಗಿರಮಿಟ್ ಜೊತೆ ಮಿರ್ಚಿ ಇಲ್ಲದಿದ್ದರೆ ನಡೆಯುವುದಿಲ್ಲ, ನನಗೂ ಅಷ್ಟೇ. ಆದರೆ ಕೆಲವು ಗಾಡಿಗಳ ಬಾಣಲೆಯಲ್ಲಿ ಎಣ್ಣೆ ಚಹಾದ ಡಿಕಾಕ್ಷನ್ ಥರ ಕಾಣುತ್ತದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಎಣ್ಣೆ ಕಾದು ಕೆಟ್ಟಾಗ ಹುಟ್ಟುವ ವಸ್ತುಗಳು) ಶೇ 25 ದಾಟಿದರೆ ಬಳಸಬಾರದು ಎಂಬ ನಿಯಮ 2018ರ ಜುಲೈನಿಂದಲೇ ಇದೆ. ನಮ್ಮ ಓಣಿಯಲ್ಲಿ ಅದನ್ನು ಅಳೆದವರನ್ನು ನಾನಂತೂ ನೋಡಿಲ್ಲ.

ಇನ್ನು ಒಮೆಗಾ-3, ಇನ್ನೊಂದು ಗುಂಪಿನ ಕೊಬ್ಬು. ನಿಮ್ಮ ಬರಹದಲ್ಲಿ ಅದಕ್ಕೆ ಮೀನೆಣ್ಣೆ ಮಾತ್ರೆ ನುಂಗಲು ಹೇಳಿದ್ದಾರೆ. ನಮ್ಮ ಕಡೆ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ (ಅಗಸೆ ಚಟ್ನಿಪುಡಿಯ) ಹೆಸರೇ ಇಲ್ಲ! ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಸಸ್ಯದ ಒಮೆಗಾ-3. ಮೀನಿನಲ್ಲಿರುವ ರೂಪಕ್ಕೆ ಅದು ನಮ್ಮ ಮೈಯಲ್ಲಿ ಬದಲಾಗುವುದು ತೀರಾ ಸ್ವಲ್ಪ, ಒಪ್ಪುತ್ತೇನೆ. ಮೀನು ತಿನ್ನುವವರು ಭೂತಾಯಿ, ಬಂಗುಡೆ ತಿನ್ನಲಿ. ನಮ್ಮಂಥವರಿಗೆ ಹಿಂಡಿ ಇದೆ. ಅಗಸೆಯನ್ನು ಹುರಿದು ಪುಡಿ ಮಾಡಿಯೇ ತಿನ್ನಬೇಕು, ಇಡೀ ಕಾಳು ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ.

ದಯವಿಟ್ಟು ಮುಂದಿನ ವಾರ ಅದೇ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. ಕತ್ತರಿಸಿ ರೋಣಕ್ಕೆ ಕಳಿಸಬೇಕು. ಅಕ್ಕ ನನ್ನ ಮಾತು ಕೇಳುವುದಿಲ್ಲ, ಪೇಪರಿನಲ್ಲಿ ಬಂದರೆ ಕೇಳುತ್ತಾಳೆ.

— ನಿವೃತ್ತ ವಿಜ್ಞಾನ ಶಿಕ್ಷಕಿ, ಗದಗ