ಹಾಕಿ ಮಕ್ಕಳಿಗೆ ಏಣಿಗಿಂತ ಜೂಟಾಟ ಮೇಲು

ಮಾನ್ಯ ಸಂಪಾದಕರೇ,

ಬೇಸಿಗೆ ಶಿಬಿರ ಶುರುವಾದರೆ ಬೆಂಗಳೂರಿನ ಶಾಲಾ ಮೈದಾನಗಳಲ್ಲಿ ಮನೆಯಿಂದ ಮನೆಗೆ ಕಾಲಿಟ್ಟು ಓಡಲು ನೆಲದ ಮೇಲೆ ಪ್ಲಾಸ್ಟಿಕ್ ಏಣಿ, ಕೋನ್‌ಗಳ ಸಾಲು ಹಾಸುತ್ತಾರೆ. ಟರ್ಫ್ (ಕೃತಕ ಹುಲ್ಲಿನ ಹಾಕಿ ಅಂಕಣ) ಸಿಗದ ದಿನ ಹಾಕಿ ಮಕ್ಕಳಿಗೆ ಚುರುಕುತನದ ತರಬೇತಿಯೆಂದರೆ ಇದೇ. ಎಲ್ಲಿ ಕಾಲಿಡಬೇಕೆಂದು ಮೊದಲೇ ಗೊತ್ತಿದ್ದರೆ ಮಗು ಕಲಿಯುವುದು ಬಾಯಿಪಾಠವನ್ನು. ಅಕ್ಕಿತಿಮ್ಮನಹಳ್ಳಿ ಹಾಕಿ ಕ್ರೀಡಾಂಗಣದ ಟರ್ಫ್ ಮೇಲೆ ಎದುರಾಳಿ ಎಡಕ್ಕೆ ವಾಲಿದಂತೆ ನಟಿಸಿ ಬಲಕ್ಕೆ ಚೆಂಡೆಳೆದಾಗ ಆ ಬಾಯಿಪಾಠ ಕೈಕೊಡುತ್ತದೆ. ಏಣಿ ಮೈ ಬಿಸಿ ಮಾಡಲು ಐದು ನಿಮಿಷ ಇರಲಿ, ಅಷ್ಟೇ.

ಜೂಟಾಟ ಆಡಿಸಿ, ಆದರೆ ಅಳತೆ ಹಿಡಿದು. 5 ಮೀಟರ್ ಚೌಕದೊಳಗೆ ಇಬ್ಬರು, 6ರಿಂದ 8 ಸೆಕೆಂಡ್ ಆಟ, 40 ಸೆಕೆಂಡ್ ವಿರಾಮ, ಆಮೇಲೆ ಪಾತ್ರ ಅದಲುಬದಲು. ಆರು ಸುತ್ತು ಸಾಕು. ಚೌಕ ದೊಡ್ಡದಾದರೆ ಜೋರಾಗಿ ಓಡುವವನೇ ಗೆಲ್ಲುತ್ತಾನೆ, ತಿರುಗುವ ಪ್ರಸಂಗವೇ ಬರುವುದಿಲ್ಲ. ಅರ್ಧ ನಿಮಿಷ ಎಳೆದರೆ ಅದು ದಮ್ಮಿನ ಕಸರತ್ತಾಗಿ, ಸುಸ್ತಾದ ಕಾಲು ನಿಧಾನದ ತಿರುವನ್ನೇ ರೂಢಿಸಿಕೊಳ್ಳುತ್ತದೆ. ಹಿಡಿಯುವವರ ಕಣ್ಣು ಎದುರಾಳಿಯ ಸೊಂಟದ ಮೇಲಿರಲಿ. ತಲೆ, ಭುಜ ಸುಳ್ಳು ಹೇಳುತ್ತವೆ. ಜೋಡಿ ಸಮಬಲದ್ದಾಗಿರಬೇಕು. ಸ್ಟಿಕ್ ಕೈಯಲ್ಲಿ ಬೇಡ.

ಇನ್ನೊಂದು ಆಟಕ್ಕೆ ಎರಡು ಟೆನಿಸ್ ಚೆಂಡು ಬೇಕು. ತರಬೇತುದಾರ ಎರಡೂ ಕೈ ಅಗಲಿಸಿ ಭುಜದೆತ್ತರದಲ್ಲಿ ಹಿಡಿದು, ಯಾವುದೆಂದು ಸುಳಿವು ಕೊಡದೆ ಒಂದನ್ನು ಬಿಡಬೇಕು. 3 ಮೀಟರ್ ದೂರದಲ್ಲಿರುವ ಮಗು ಅದು ಎರಡನೇ ಸಲ ನೆಲಕ್ಕೆ ಬೀಳುವ ಮೊದಲು ಹಿಡಿಯಬೇಕು. ಸಲೀಸಾದರೆ ಅರ್ಧ ಮೀಟರ್ ಹಿಂದೆ ಸರಿಸಿ.

ನಮ್ಮ ಕೆರೆ-ದಡ ಆಟವೂ ಆದೀತು. ಅದರಲ್ಲಿ ಕಿವಿಗೆ ಕೆಲಸ, ಹಾಕಿಯಲ್ಲಿ ಕಣ್ಣಿಗೆ. ಕೂಗುವ ಬದಲು ಕೈಸನ್ನೆ ಮಾಡಿ. ಖೋ-ಖೋ ಸಾಲದೇ ಎನ್ನುವವರಿದ್ದಾರೆ. ತಪ್ಪಿಸಿಕೊಳ್ಳುವವರಿಗೆ ಬಹಳ ಒಳ್ಳೆಯದು. ಆದರೆ ಅಟ್ಟುವವರು ಹಿಡಿದ ದಿಕ್ಕು ಬಿಟ್ಟು ಹಿಂದಿರುಗುವಂತಿಲ್ಲ, ಹಾಗಾಗಿ ಡಿಫೆಂಡರ್‌ಗೆ ಬೇಕಾದ ತಿರುವು ಅಲ್ಲಿ ಸಿಗದು.

ನೆಲದ ವಿಷಯದಲ್ಲಿ ಉದಾಸೀನ ಬೇಡ. ಒಣಗಿದ ಕೆಂಪುಮಣ್ಣಿನ ಮೇಲಿನ ಸಣ್ಣ ಜಲ್ಲಿಯಿಂದ ಕಾಲು ಜಾರಿ ಪಾದದ ಕೀಲು ಉಳುಕುತ್ತದೆ, ಮೊದಲು ಗುಡಿಸಿ. ನಿಲ್ಲುವ ಮುನ್ನ ಕೊನೆಯ ಎರಡು ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಬಾಗಲಿ. ಮಂಡಿ ಒಳಕ್ಕೆ ವಾಲುವ ಮಗುವಿಗೆ ಆಟ ನಿಲ್ಲಿಸಿ, ನಿಲ್ಲುವುದನ್ನೇ ಮೊದಲು ಕಲಿಸಬೇಕು.

ವಾರಕ್ಕೆ ಎರಡು ದಿನ, 15 ನಿಮಿಷ, ಸ್ಟಿಕ್ ಅಭ್ಯಾಸಕ್ಕೆ ಮೊದಲು. ಶಿಬಿರದವರು ವೇಳಾಪಟ್ಟಿಯಲ್ಲಿ ಇದನ್ನು ಕೊನೆಗೆ ತಳ್ಳದಿರಲಿ.

– ಹಾಕಿ ತರಬೇತುದಾರ, ಶಾಂತಿನಗರ, ಬೆಂಗಳೂರು