ಮಿಸ್ ವಿಲಿಯಮ್ಸ್ ಕಾಯಿಸಿಟ್ಟ ಟೀ

ಗೆಳೆಯಾ,

ಹೋದ ವಾರ ಫೋನಿನಲ್ಲಿ ಕೇಳಿದೆಯಲ್ಲ, ಹದಿನೆಂಟನೇ ಶತಮಾನದ ಇಂಗ್ಲಿಷ್ ಲೇಖಕ ಜಾನ್ಸನ್ ಬಗ್ಗೆ ಅವನ ಗೆಳೆಯ ಬಾಸ್ವೆಲ್ ಬರೆದ ಜೀವನಚರಿತ್ರೆಯನ್ನು ಯಾಕೆ ಮತ್ತೆ ಮತ್ತೆ ಓದ್ತೀಯ ಅಂತ. ಆಗ ನೆಟ್ಟಗೆ ಹೇಳೋಕೆ ಆಗಲಿಲ್ಲ. ಆ ದಪ್ಪ ಪುಸ್ತಕದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಒಂದು ಕಪ್ ಟೀ.

1763ರ ಮೇ 16. ಲಂಡನ್ನಿನ ಕೋವೆಂಟ್ ಗಾರ್ಡನ್ ಹತ್ತಿರ ಟಾಮ್ ಡೇವಿಸ್ ಅನ್ನುವವನ ಪುಸ್ತಕದಂಗಡಿ. ಅದರ ಹಿಂದಿನ ಕೋಣೆಯಲ್ಲಿ 22 ವರ್ಷದ ಬಾಸ್ವೆಲ್ ಕೂತಿದ್ದಾನೆ. ಗಾಜಿನ ಬಾಗಿಲಿನಾಚೆ ಡಾಕ್ಟರ್ ಜಾನ್ಸನ್ ಬರುವುದು ಕಾಣುತ್ತದೆ. 1755ರಲ್ಲಿ ಇಂಗ್ಲಿಷ್ ನಿಘಂಟು ತಂದವನು, ರಾಜನಿಂದ ವರ್ಷಕ್ಕೆ 300 ಪೌಂಡ್ ಪಿಂಚಣಿ ಪಡೆದವನು. ಅವನಿಗೆ ಸ್ಕಾಟ್ಲೆಂಡಿನವರನ್ನು ಕಂಡರೆ ಆಗುವುದಿಲ್ಲ ಅಂತ ಊರಿಗೆಲ್ಲ ಗೊತ್ತು. ನನ್ನ ಊರು ಹೇಳಬೇಡ ಅಂತ ಬಾಸ್ವೆಲ್ ಬೇಡಿಕೊಂಡರೂ ಡೇವಿಸ್ ಹೇಳಿಯೇಬಿಟ್ಟ. "ಹೌದು, ನಾನು ಸ್ಕಾಟ್ಲೆಂಡಿನಿಂದ ಬಂದವನು, ಏನು ಮಾಡಲಿ, ನನ್ನ ಕೈಲಿಲ್ಲ" ಅಂದ ಹುಡುಗ. "ನಿಮ್ಮೂರಿನ ಎಷ್ಟೋ ಜನಕ್ಕೂ ಅದು ಕೈಲಾಗದ ಕೆಲಸವೇ" ಅಂತ ಬಂತು ಉತ್ತರ. ಹುಡುಗ ಕುಗ್ಗಿಹೋದ. ಆದರೂ ಬೆನ್ನು ಬಿಡಲಿಲ್ಲ.

ಜುಲೈ 1ರ ರಾತ್ರಿ ಮೈಟರ್ ಎಂಬ ಹೋಟೆಲಿನಲ್ಲಿ ಜಾನ್ಸನ್, ಲೇಖಕ ಗೋಲ್ಡ್‌ಸ್ಮಿತ್, ಬಾಸ್ವೆಲ್ ಮೂವರೂ ಊಟ ಮಾಡಿದರು. ಏಳುವ ಹೊತ್ತಿಗೆ ಗೋಲ್ಡ್‌ಸ್ಮಿತ್ ಜಾನ್ಸನ್ ಜೊತೆ ಹೊರಟ. ಎದೆಯುಬ್ಬಿಸಿಕೊಂಡು ಹೋಗುತ್ತಾ ಬಾಸ್ವೆಲ್ ಕಡೆ ತಿರುಗಿ, "ನಾನು ಮಿಸ್ ವಿಲಿಯಮ್ಸ್ ಹತ್ತಿರ ಹೋಗ್ತೀನಿ" ಅಂದ. ಅಷ್ಟೇ ಮಾತು. ಬಾಸ್ವೆಲ್‌ಗೆ ಹೊಟ್ಟೆಕಿಚ್ಚಾಯಿತು. ಅದನ್ನು ಮುಚ್ಚಿಡದೆ ಬರೆದುಕೊಂಡಿದ್ದಾನೆ, ಅದಕ್ಕೇ ನನಗೆ ಅವನು ಇಷ್ಟ.

ಈ ಮಿಸ್ ವಿಲಿಯಮ್ಸ್ ಯಾರು ಅಂತೀಯಾ? ದೊಡ್ಡ ಮನೆತನದವಳಲ್ಲ. ವೇಲ್ಸ್‌ನಿಂದ ಬಂದ ಬಡ ಹೆಂಗಸು, ಹೆಸರು ಆನಾ. ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯುವ ಬಹುಮಾನಕ್ಕೆ ಆಸೆಪಟ್ಟು ಕೈಸುಟ್ಟುಕೊಂಡವನ ಮಗಳು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಜಾನ್ಸನ್ ಮನೆಯಲ್ಲೇ ಆಪರೇಷನ್ ಆಯಿತು, ಫಲಿಸಲಿಲ್ಲ, ಪೂರ್ತಿ ಕುರುಡಾದಳು. ಜಾನ್ಸನ್ ಎಷ್ಟೇ ತಡವಾದರೂ ರಾತ್ರಿ ಮಲಗುವ ಮುಂಚೆ ಆಕೆಯ ಹತ್ತಿರ ಟೀ ಕುಡಿದು ಹೋಗುತ್ತಿದ್ದ. ಅವನು ಬರುವವರೆಗೆ ಆಕೆ ಎದ್ದೇ ಇರುತ್ತಿದ್ದಳು. ಊರೆಲ್ಲ ಅವನ ಮಾತಿಗಾಗಿ ಕಾಯುತ್ತಿತ್ತು. ಆದರೆ ದಿನದ ಕೊನೆಯ ಮಾತು ಈ ಕೋಣೆಗೆ ಮೀಸಲು. ಗೋಲ್ಡ್‌ಸ್ಮಿತ್ ಎದೆಯುಬ್ಬಿಸಿದ್ದು ಸುಮ್ನೆ ಅಲ್ಲ.

ಒಂದು ತಿಂಗಳಲ್ಲಿ ಬಾಸ್ವೆಲ್‌ಗೂ ಕರೆ ಬಂತು. ಮೊದಮೊದಲು ತೀರ್ಥ ಕುಡಿದ ಹಾಗೆ ಕಪ್ಪಿನ ಮೇಲೆ ಕಪ್ ಕುಡಿದ. ಹೊಸತನ ಕಳೆದ ಮೇಲೆ ಬೇರೆಯದು ಕಾಣತೊಡಗಿತು. ಆಕೆ ಸಿಡುಕಿ. ಕಪ್ ತುಂಬಿತೋ ಇಲ್ಲವೋ ನೋಡಲು ಒಳಗೆ ಬೆರಳಿಡುತ್ತಾಳೆ ಅಂತಲೂ ಅನ್ನಿಸಿ, ಹಾಗೇ ಬರೆದುಬಿಟ್ಟ. ಆಮೇಲೆ ಆಕೆಯನ್ನು ಚೆನ್ನಾಗಿ ಬಲ್ಲ ಹೆಂಗಸೊಬ್ಬಳು ಹೇಳಿದಳು, ಹಾಗಲ್ಲ, ಕಪ್ಪಿನ ಹೊರಮೈ ಮುಟ್ಟಿಯೇ ಟೀ ಎಲ್ಲಿಗೆ ಬಂತು ಅಂತ ತಿಳಿಯುವಷ್ಟು ಅವಳ ಸ್ಪರ್ಶ ಸೂಕ್ಷ್ಮ ಅಂತ. ಬಾಸ್ವೆಲ್ ತನ್ನ ತಪ್ಪನ್ನು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಂಡ. ಆ ಟಿಪ್ಪಣಿ ಓದಿದಾಗಲೆಲ್ಲ ಆ ಕೈ ನನ್ನ ಕಣ್ಣ ಮುಂದೆ ಬರುತ್ತದೆ. ಬಿಸಿ ಏರುತ್ತಿರುವ ಪಿಂಗಾಣಿಯ ಮೇಲೆ ಮೆಲ್ಲಗೆ ಇಟ್ಟ ಬೆರಳುಗಳು.

1764ರಲ್ಲಿ ಚಿತ್ರಕಾರ ರೆನಾಲ್ಡ್ಸ್ ಹೇಳಿದ ಮೇಲೆ ಶುರುವಾದ 'ಕ್ಲಬ್', ಅಂದರೆ ಜಾನ್ಸನ್ ಮತ್ತು ಗೆಳೆಯರು ಊಟ, ಮಾತಿಗೆ ಸೇರುತ್ತಿದ್ದ ಕೂಟದ ಬಗ್ಗೆ ನಿನಗೆ ಗೊತ್ತೇ ಇದೆ. ರಾಜಕಾರಣಿ ಬರ್ಕ್, ಗೋಲ್ಡ್‌ಸ್ಮಿತ್, ಆಮೇಲೆ ಗ್ಯಾರಿಕ್, ಎಲ್ಲ ಅಲ್ಲೇ. ಅದರ ಬಗ್ಗೆ ಜನ ಬೇಕಾದಷ್ಟು ಬರೆದಿದ್ದಾರೆ. ಆದರೆ ಇದೇ ಸ್ನೇಹಗಳು ಆನಾಗೆ ಏನು ಮಾಡಿದವು ನೋಡು. ನಟ ಗ್ಯಾರಿಕ್ 1756ರಲ್ಲಿ ಅವಳಿಗಾಗಿ ಒಂದು ನಾಟಕ ಆಡಿಸಿ ಸುಮಾರು 200 ಪೌಂಡ್ ಎತ್ತಿಕೊಟ್ಟ. 1766ರಲ್ಲಿ ಅವಳ ಗದ್ಯ ಪದ್ಯಗಳ ಪುಸ್ತಕ ಬಂದಾಗ ಜಾನ್ಸನ್ ತನ್ನ ಬರಹಗಳನ್ನು ಅದರೊಳಗೆ ಸೇರಿಸಿದ, ಅವನ ಗೆಳತಿ ಹೆಸ್ಟರ್ ಥ್ರೇಲ್ ಒಂದು ಕವಿತೆ ಕೊಟ್ಟಳು. ಅಚ್ಚು ಹಾಕಿಸಿದವನು ಆ ಗಾಜಿನ ಬಾಗಿಲಿನ ಟಾಮ್ ಡೇವಿಸ್.

ಥ್ರೇಲ್ ದಂಪತಿಗೆ ಲಂಡನ್ನಿನ ಹೊರಗಿದ್ದ ಸ್ಟ್ರೆಟಮ್‌ನಲ್ಲಿ ದೊಡ್ಡ ಬಂಗಲೆ. ಜಾನ್ಸನ್‌ಗೆ ಅಲ್ಲೇ ಸ್ವಂತ ಕೋಣೆ, ಒಳ್ಳೆಯ ಊಟ. ಆದರೂ ಶನಿವಾರ ಲಂಡನ್ನಿನ ತನ್ನ ಮನೆಗೆ ವಾಪಸ್, ಸೋಮವಾರ ರಾತ್ರಿವರೆಗೆ ತನ್ನವರ ಜೊತೆ. ಆ ಮನೆಯಲ್ಲಿ ಆನಾ ಜೊತೆಗೆ ಬಡವರ ವೈದ್ಯ ಲೆವೆಟ್ ಇದ್ದ, ಗುಲಾಮಗಿರಿಯಲ್ಲಿ ಹುಟ್ಟಿ ಜಮೈಕಾದಿಂದ ಬಂದ ಫ್ರಾನ್ಸಿಸ್ ಬಾರ್ಬರ್ ಇದ್ದ. ಇವರ ಜಗಳ ಮುಗಿಯುತ್ತಲೇ ಇರಲಿಲ್ಲ. ವಿಲಿಯಮ್ಸ್‌ಗೆ ಎಲ್ಲರ ಮೇಲೂ ದ್ವೇಷ ಅಂತ ಜಾನ್ಸನ್ ಒಮ್ಮೆ ಥ್ರೇಲ್‌ಗೆ ಬರೆದ. ಆದರೆ ಯಾರನ್ನೂ ಹೊರಗೆ ಕಳಿಸಲಿಲ್ಲ.

1783ರ ಸೆಪ್ಟೆಂಬರ್‌ನಲ್ಲಿ ಆನಾ ತೀರಿಕೊಂಡಳು. ಲಂಡನ್ನಿನ ಸಾಹಿತ್ಯಗೋಷ್ಠಿಗಳ ದೊರೆಸಾನಿ ಎಲಿಜಬೆತ್ ಮಾಂಟೆಗ್ಯು ಆಕೆಗೆ ವರ್ಷವರ್ಷವೂ ಹಣ ಕೊಡುತ್ತಿದ್ದಳು. ಜಾನ್ಸನ್ ಅವಳಿಗೆ ಪತ್ರ ಬರೆದು ಸುದ್ದಿ ತಿಳಿಸಿದ. ನಲವತ್ತು ವರ್ಷದ ಕಷ್ಟವನ್ನು ಆಕೆ ಗಟ್ಟಿಯಾಗಿ ಸಹಿಸಿದಳು, ಮೂವತ್ತಕ್ಕೂ ಹೆಚ್ಚು ವರ್ಷ ನನ್ನ ಜೊತೆಗಿದ್ದಳು, ಅವಳು ಹೋಗಿ ನಾನು ತೀರಾ ಒಂಟಿಯಾದೆ ಅಂತ. ಮರುವರ್ಷ ಡಿಸೆಂಬರ್‌ನಲ್ಲಿ ಅವನೂ ಹೋದ.

ನೀನು ಬಂದಾಗ ನನ್ನ ಪ್ರತಿ ಕೊಡ್ತೀನಿ, ತಗೊಂಡು ಹೋಗು. ಮೊದಲಿಂದ ಓದಬೇಕಂತೇನಿಲ್ಲ, 1763ರ ಪುಟಗಳಿಂದ ಶುರು ಮಾಡು. ಅಡಿಟಿಪ್ಪಣಿ ಮಾತ್ರ ಬಿಡಬೇಡ.

ನಿನ್ನ ಗೆಳೆಯ