ಹಿಡಿಯೋದು ಗೊತ್ತಾಯ್ತು, ಬಿಡೋದು ಹೆಂಗೆ?

ಕಳೆದ ಗುರುವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಹೊರಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿದೆ. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕ್ತಿದ್ದಳು. "ಆಯ್ತಾ? ಊಟ ಮಾಡಿದ್ಯಾ?" ಅಂತ ಕೇಳಿ ಅಳೋಕೆ ಶುರು ಮಾಡಿದಳು. ಆಮೇಲೆ ನಿಮ್ಮೆಲ್ಲರ ಫೋನು, ಮೆಸೇಜು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯಲು ಆಗಲಿಲ್ಲ, ಅದಕ್ಕೇ ಇದು.

ಗೈಡ್ ಮೇಡಂ, ಲ್ಯಾಬಿನ ಗೆಳೆಯರು, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಎಷ್ಟು ಹೊತ್ತಾದರೂ ಬೇಸರಿಸದೆ ಗೇಟು ತೆಗೆದ ಹಾಸ್ಟೆಲಿನ ವಾಚ್‌ಮನ್ ಅಣ್ಣ, ಅಪ್ಪ ಹೋದ ಮೇಲೆ ನಮ್ಮ ಹಿಪ್ಪುನೇರಳೆ ತೋಟಕ್ಕೆ ಕೇಳದೆಯೇ ನೀರು ಹಾಯಿಸಿದ ಪಕ್ಕದ ಹೊಲದವರು, ನಿಮಗೆಲ್ಲ ಕೈಮುಗಿಯುತ್ತೇನೆ. ಫ್ರೀಜರ್ ಕೆಟ್ಟ ವಾರ ಏನಾಯಿತು ಅನ್ನೋದು ಲ್ಯಾಬಿನವರಿಗೆಲ್ಲ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ.

ಉಳಿದದ್ದೆಲ್ಲ ನನ್ನ ಚಿಕ್ಕಮ್ಮನಿಗೆ.

ಚಿಕ್ಕಮ್ಮ ಅಮ್ಮನ ತಂಗಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ, ಇಪ್ಪತ್ತು ವರ್ಷದಿಂದ. ಬಿಸಿನೀರಿನಲ್ಲಿ ಆಡಿ ಆಡಿ ಅವಳ ಬೆರಳ ತುದಿ ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಬೆಂದ ಗೂಡಿನ ವಾಸನೆ ಸೆರಗಿನಿಂದ ಹೋಗುವುದಿಲ್ಲ. ಅಪ್ಪನನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದ ದಿನ ನಮ್ಮ ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದು ಐದು ದಿನ. ಆ ಹೊತ್ತಲ್ಲಿ ಹುಳುಮನೆ ಬಿಟ್ಟು ಬರಲಾಗುವುದಿಲ್ಲ ಅಂತ ರೇಷ್ಮೆ ಸಾಕಿದವರಿಗೆ ನಾನು ಹೇಳಬೇಕಾಗಿಲ್ಲ. "ಬೆಳಿಗ್ಗೆ ವಾಪಸ್ ಬರ್ತೀನಿ, ನೀನು ಸೊಪ್ಪು ನೋಡ್ಕೋ" ಅಂತ ಅಪ್ಪನೇ ಹಟ ಮಾಡಿ ಅಮ್ಮನನ್ನು ಬಿಟ್ಟು ಬಂದಿದ್ದರು. ನಾನು ಬೆಂಗಳೂರಿನಿಂದ ಬರುವ ಹೊತ್ತಿಗೆ ಚಿಕ್ಕಮ್ಮ ವಾರ್ಡಿನ ಹೊರಗೆ ಕೂತಿದ್ದಳು, ನೂಲು ಬಿಚ್ಚುವ ಬಿಸಿನೀರಿನ ಬೇಸಿನ್ ಮುಂದಿನಿಂದ ಎದ್ದು ಬಂದ ಬಟ್ಟೆಯಲ್ಲೇ.

ರಾತ್ರಿ ಎರಡರ ಹೊತ್ತಿಗೆ ನಾನು ಅವಳಿಗೆ ಹೇಳಿದೆ, "ಚಿಕ್ಕಮ್ಮ, ನಾನು ಇದನ್ನ ಬಿಟ್ಟುಬಿಡ್ತೀನಿ. ಊರಿಗೆ ಬಂದ್ಬಿಡ್ತೀನಿ."

ಬಿಡು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಅಮ್ಮಣ್ಣಿ, ಇಷ್ಟು ವರ್ಷ ಆಯ್ತು, ಅದೇನು ಓದ್ತೀಯ ಅಂತ ನಂಗೊಂದು ಸಲ ಹೇಳಿಲ್ಲ ನೀನು. ಈಗ ಹೇಳು" ಅಂದಳು.

ಹೇಳಿದೆ. ಜೀವಕೋಶದೊಳಗೆ ಆರ್‌ಎನ್‌ಎ ಅಂತ ಒಂದು ದಾರ ಇರ್ತದೆ, ಯಾವ ಪ್ರೋಟೀನ್ ಹೇಗೆ ತಯಾರಾಗಬೇಕು ಅನ್ನೋದು ಅದರಲ್ಲಿರ್ತದೆ. ಅದನ್ನ ಹಿಡಿದು ನಡೆಸೋಕೆ ಬೇರೆ ಪ್ರೋಟೀನ್‌ಗಳಿವೆ. ಅವುಗಳಲ್ಲಿ ಒಂದು ಭಾಗ ಮಡಚಿಕೊಂಡು ಒಂದೇ ಆಕಾರದಲ್ಲಿ ಗಟ್ಟಿಯಾಗಿ ಕೂತಿರ್ತದೆ, ಗೂಡಿನ ಹಾಗೆ. ಇನ್ನೊಂದು ಭಾಗಕ್ಕೆ ಆಕಾರವೇ ಇಲ್ಲ, ಗೂಡಿನಿಂದ ಬಿಚ್ಚಿದ ಎಳೆ ನೀರಲ್ಲಿ ಆಡ್ತದಲ್ಲ, ಹಾಗೆ ಆಡ್ತಾ ಇರ್ತದೆ. ಸ್ಫಟಿಕ ಮಾಡಿ ಎಕ್ಸ್‌ರೇ ಹಾಯಿಸಿದರೆ ಗಟ್ಟಿ ಭಾಗ ಕಾಣ್ತದೆ, ಈ ಎಳೆ ಕಾಣೋದೇ ಇಲ್ಲ. ಬಹಳ ಕಾಲ ಅದಕ್ಕೆ ಕೆಲಸವೇ ಇಲ್ಲ ಅಂದುಕೊಂಡಿದ್ದರು. ಆರ್‌ಎನ್‌ಎ ಮೈತುಂಬ ಋಣ ವಿದ್ಯುತ್ತು, ಕೆಲವು ಸಡಿಲ ಎಳೆಗಳಲ್ಲಿ ಧನ ವಿದ್ಯುತ್ತಿನ ಆರ್ಜಿನೀನ್ ಅನ್ನೋ ಅಮೈನೋ ಆಮ್ಲ ಸಾಲುಗಟ್ಟಿರ್ತದೆ. ಅದರಿಂದ ಎರಡೂ ಅಂಟಿಕೊಳ್ತವೆ.

ಅಂಟು ಅಂದದ್ದೇ ಅವಳು ನೆಟ್ಟಗೆ ಕೂತಳು. "ಹಿಡಿಯೋದು ಗೊತ್ತಾಯ್ತು. ಬಿಡೋದು ಹೆಂಗೆ? ಗೂಡಿನ ಅಂಟು ಬಿಡದಿದ್ರೆ ನೂಲು ಬರ್ತದೇನೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಸಿಸ್ಟರ್ ಒಳಗೆ ಕರೆದರು.

ಇದನ್ನು ಯಾರಿಗೂ ಹೇಳಿಲ್ಲ. ಬೆಳಗಿನ ಜಾವ ಅಪ್ಪ ಹೋದಾಗ ಅವರ ಕೈ ನನ್ನ ಕೈಯಲ್ಲಿತ್ತು. ಸಿಸ್ಟರ್ ಎರಡು ಸಲ ಹೇಳಿದರು, ನಾನು ಬಿಡಲಿಲ್ಲ. ಬಿಡೋಕೆ ಆಗಲಿಲ್ಲ. ಇನ್ನೂ ಬೆಚ್ಚಗಿತ್ತು. ಚಿಕ್ಕಮ್ಮ ಪಕ್ಕದಲ್ಲಿ ಕೂತು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎಳೆ ತುಂಡಾಗಬಾರದೆಂದು ಗೂಡಿನ ತುದಿ ಬಿಡಿಸುತ್ತಾಳಲ್ಲ, ಅಷ್ಟು ನಿಧಾನವಾಗಿ.

ಮೂರನೇ ದಿನ ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಯಿತು. ಅಮ್ಮನಿಗೆ ಮೇಲೇಳಲು ಆಗುತ್ತಿರಲಿಲ್ಲ. ಚಿಕ್ಕಮ್ಮನೇ ಅಕ್ಕಪಕ್ಕದವರನ್ನು ಕರೆದುಕೊಂಡು ಹುಳು ಆಯ್ದು, ಗೂಡು ಕಟ್ಟುವ ತಟ್ಟೆ ಚಂದ್ರಿಕೆಗೆ ಬಿಟ್ಟಳು. ಬೆಳೆ ಕೈ ಬಿಡಲಿಲ್ಲ. ಹನ್ನೊಂದು ದಿನವೂ ಕೂಲಿ ಬಿಟ್ಟು ನಮ್ಮನೆಯಲ್ಲೇ ಇದ್ದಳು.

ತಿಂಗಳ ಮೇಲೆ ಲ್ಯಾಬಿಗೆ ವಾಪಸ್ ಬಂದು ನನ್ನ ಹಳೆಯ ನೋಟ್‌ಬುಕ್‌ಗಳನ್ನು ತೆಗೆದೆ. ಮೂರು ವರ್ಷ ನಾನು ಅಳೆದದ್ದೆಲ್ಲ ಪ್ರೋಟೀನು ಆರ್‌ಎನ್‌ಎಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅನ್ನುವುದನ್ನೇ. ಬಿಡುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಒಂದು ಪುಟವೂ ಇಲ್ಲ. ನಮ್ಮ ಕ್ಷೇತ್ರದವರಿಗೆ ಎಚ್‌ಎಫ್‌ಕ್ಯೂ ಗೊತ್ತು. ಇ. ಕೋಲಿ ಬ್ಯಾಕ್ಟೀರಿಯಾದ ಪ್ರೋಟೀನು, 102 ಅಮೈನೋ ಆಮ್ಲ, ಆರು ಸೇರಿ ಒಂದು ಉಂಗುರ, ಒಂದೊಂದಕ್ಕೂ ಒಂದು ಸಡಿಲ ಬಾಲ. ಬಾಲದ ತುದಿಯಲ್ಲಿ ಆರ್‌ಎನ್‌ಎಯಂತೆಯೇ ಋಣ ವಿದ್ಯುತ್ತು. ಹಾಗಾಗಿ ಆ ತುದಿ ಆರ್‌ಎನ್‌ಎ ಕೂರುವ ಜಾಗಕ್ಕೇ ಬಂದು ಪೈಪೋಟಿ ಮಾಡಿ, ಕೆಲಸ ಮುಗಿದ ಆರ್‌ಎನ್‌ಎಯನ್ನು ಹೊರಗೆ ಕಳಿಸುತ್ತದೆ. ಬಾಲವೇ ಆರ್‌ಎನ್‌ಎಯನ್ನು ಬಿಡಿಸುತ್ತದೆಂದು ವಿಜ್ಞಾನಿ ಸಾರಾ ವುಡ್ಸನ್ ಅವರ ಗುಂಪು 2016ರಲ್ಲಿ ತೋರಿಸಿತ್ತು. ಆ ಪೇಪರ್ ಓದಿ ಅಡಿಗೆರೆಯನ್ನೂ ಎಳೆದಿದ್ದೆ. ನನ್ನ ಪ್ರೋಟೀನಿನ ಮುಂದೆ ಕೂತು ಅದೇ ಪ್ರಶ್ನೆ ಕೇಳಿರಲಿಲ್ಲ.

ಕೇಳಿದೆ. ಬಾಲ ಇರುವುದು, ಬಾಲ ಕತ್ತರಿಸಿದ್ದು, ಎರಡನ್ನೂ ಅಣುಗಳನ್ನು ಬೇರ್ಪಡಿಸಿ ಪಟ್ಟಿಗಳಾಗಿ ತೋರಿಸುವ ಒಂದೇ ಜೆಲ್‌ನಲ್ಲಿ ಓಡಿಸಿದೆ. ಬಾಲ ಇರುವುದು ಆರ್‌ಎನ್‌ಎ ಹಿಡಿದಿರುವ ಪಟ್ಟಿ ನಿಮಿಷ ನಿಮಿಷಕ್ಕೂ ಮಸುಕಾಗುತ್ತ ಹೋಯಿತು. ಕತ್ತರಿಸಿದ್ದರ ಪಟ್ಟಿ ಕಪ್ಪಗೆ ಹಾಗೇ ಉಳಿಯಿತು, ಹಿಡಿದದ್ದನ್ನು ಬಿಡಲೊಲ್ಲದು. ನಾನು ಆ ಜೆಲ್ ಮುಂದೆ ಬಹಳ ಹೊತ್ತು ನಿಂತಿದ್ದೆ.

ನಮ್ಮ ಮೈಯಲ್ಲೂ ಇಂಥ ಎಳೆಗಳಿವೆ. ಎಫ್‌ಯುಎಸ್ ಅನ್ನುವ 526 ಅಮೈನೋ ಆಮ್ಲದ ಪ್ರೋಟೀನಿನಲ್ಲಿ ಮುಕ್ಕಾಲು ಪಾಲು ಸಡಿಲವೇ. ಇಂಥ ಎಳೆಯ ಸೆರಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್, ಆರ್ಜಿನೀನ್‌ಗೆ ಮೀಥೈಲ್ ಎಂಬ ಸಣ್ಣ ತುಣುಕುಗಳನ್ನು ಅಂಟಿಸಿ ಜೀವಕೋಶ ಹಿಡಿತವನ್ನು ಬೇಕಾದಂತೆ ಸಡಿಲಿಸುತ್ತದೆ, ಬಿಗಿಮಾಡುತ್ತದೆ. 2006ರಲ್ಲಿ, ನರಗಳು ಸಾಯುತ್ತ ಸ್ನಾಯುಗಳು ಸೋಲುವ ಎಎಲ್‌ಎಸ್ ರೋಗದವರ ನರಕೋಶಗಳಲ್ಲಿ ಗಂಟುಕಟ್ಟಿ ಸಿಕ್ಕ ಟಿಡಿಪಿ-43 ಕೂಡ ಆರ್‌ಎನ್‌ಎ ಹಿಡಿಯುವ ಪ್ರೋಟೀನೇ. ಆ ರೋಗ ತರುವ ಅದರ ಬದಲಾವಣೆಗಳಲ್ಲಿ ಹೆಚ್ಚಿನವು ಇರುವುದು ಅದರ ಸಡಿಲ ಬಾಲದಲ್ಲಿ. ಮುಂದೆ ನಾನು ಮಾಡಬೇಕೆಂದಿರುವ ಕೆಲಸ ಅಲ್ಲಿಯದೇ.

ನಿನ್ನೆ ಥೀಸಿಸ್ ಪ್ರತಿ ತೆಗೆದುಕೊಂಡು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಮೊದಲ ಪುಟದಲ್ಲಿ ಅಪ್ಪನ ಹೆಸರು, ಅದರ ಕೆಳಗೆ ಅವಳ ಹೆಸರು. ತನ್ನ ಹೆಸರನ್ನು ಅಕ್ಷರ ಕೂಡಿಸಿ ಓದಿ ಸುಮ್ಮನಾದಳು. ಆಮೇಲೆ ಉಂಗುರದ ಚಿತ್ರ ಇರುವ ಪುಟ ತೋರಿಸಿದೆ. ಹಸಿ ಬೆರಳು ಕಾಗದಕ್ಕೆ ತಾಗದ ಹಾಗೆ ಸ್ವಲ್ಪ ಮೇಲಕ್ಕೇ ಹಿಡಿದು ಬಾಲಗಳನ್ನು ಎಣಿಸಿದಳು.

"ಬಿಡಿಸೋದು ಇವೇನಾ?"

"ಇವೇ ಚಿಕ್ಕಮ್ಮ."

"ಆರೂ?"

"ಆರೂ."

ಪುಸ್ತಕವನ್ನು ದೇವರ ಗೂಡಿನಲ್ಲಿ, ಅಪ್ಪನ ಫೋಟೋ ಪಕ್ಕಕ್ಕೆ ಇಟ್ಟಳು. ಒಳಗೆ ಬೇಸಿನ್ನಿನಲ್ಲಿ ಗೂಡು ಬೇಯುತ್ತಿತ್ತು. ತಡ ಆದ್ರೆ ಎಳೆ ಕೆಡ್ತದೆ ಅಂತ ಎದ್ದು ಹೋದಳು.